ಸಂಗದಿಂದ ಅಪರಾಧ, ಸಂಗದಿಂದ ನಿವೃತ್ತಿ

ಮನುಷ್ಯನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಬೆಳೆಯಲಾರನು. ತಾಯಿಯಿಂದ ನುಡಿಯನ್ನೂ, ತಂದೆಯಿಂದ ನಡೆಯನ್ನೂ, ನೆರೆಹೊರೆಯಿಂದ ರೂಢಿಯನ್ನೂ, ಓರಗೆಯವರಿಂದ ಧೈರ್ಯವನ್ನೂ ಪಡೆದು ಅವನು ಮನುಷ್ಯನಾಗುತ್ತಾನೆ. ಒಳ್ಳೆಯದನ್ನು ಹೀಗೆ ಕಲಿಯುವವನು ಕೆಟ್ಟದ್ದನ್ನೂ ಹೀಗೆಯೇ ಕಲಿಯುತ್ತಾನೆ. ಶರಣರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ವಚನಗಳಲ್ಲಿ ಸಂಗದ ವಿಚಾರವು ಮತ್ತೆ ಮತ್ತೆ ಬರುತ್ತದೆ. ಅನುಭವಮಂಟಪವಾದರೂ ಮೂಲದಲ್ಲಿ ಒಂದು ಸಂಗವೇ ಆಗಿದೆ.

ಈ ಪಾಠದಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಇಷ್ಟೇ: ಕಳವು, ಹೊಡೆದಾಟ, ಮೋಸ, ಕೊಲೆ ಮೊದಲಾದ ಅಪರಾಧಗಳು ಒಬ್ಬೊಬ್ಬನ ಮನಸ್ಸಿನಲ್ಲಿ ತಾವಾಗಿ ಹುಟ್ಟುವವೋ, ಅಥವಾ ಮನುಷ್ಯರು ಮನುಷ್ಯರೊಡನೆ ಕೂಡುವ ರೀತಿಯಿಂದ ಹುಟ್ಟುವವೋ? ಎರಡನೆಯದು ನಿಜವಾದರೆ, ಅವುಗಳನ್ನು ತಡೆಯುವುದರಲ್ಲಿ ಗೃಹಸ್ಥನ ಕರ್ತವ್ಯವೇನು? ಈ ವಿಚಾರಕ್ಕೆ ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವದಿಕ್ಕಿನ ಬಡಾವಣೆಗಳನ್ನೂ ದೃಷ್ಟಾಂತವಾಗಿ ತೆಗೆದುಕೊಳ್ಳುವುದು ಉಚಿತ. ೧೮೦೯ರಲ್ಲಿ ಬ್ರಿಟಿಷರು ಸ್ಥಾಪಿಸಿದ ಆ ದಂಡು ೧೯೪೯ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ನಿಗೆ ಸೇರಿತು. ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವವರು ತಲೆತಲಾಂತರದಿಂದ ಅಲ್ಲಿ ಒತ್ತೊತ್ತಾಗಿ ಬಾಳುತ್ತಿದ್ದಾರೆ. ಇಂತಹ ಸ್ಥಳದಲ್ಲಿ ಸಂಗದ ಗುಣವೂ ದೋಷವೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ.

೧. ಸಂಗವು ಕಲಿಸುವ ಬಗೆ

ಎಡ್ವಿನ್ ಸದರ್‌ಲ್ಯಾಂಡ್ ಎಂಬ ಅಮೆರಿಕಾದ ವಿದ್ವಾಂಸನು ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದನು. ೧೯೩೯ರಲ್ಲಿ ಪ್ರಕಟಿಸಿದ ತನ್ನ ಸಿದ್ಧಾಂತವನ್ನು ಆತನು ೧೯೪೭ರಲ್ಲಿ ಒಂಬತ್ತು ಸೂತ್ರಗಳಾಗಿ ತಿದ್ದಿ ನಿಲ್ಲಿಸಿದನು. ಅದರ ತಾತ್ಪರ್ಯವು ಹೀಗಿದೆ: ಅಪರಾಧವು ರಕ್ತದಿಂದ ಬರುವುದಿಲ್ಲ, ಅದು ಕಲಿತ ವಿದ್ಯೆ. ನಿಕಟವಾಗಿ ಒಡನಾಡುವವರ ಗುಂಪಿನಲ್ಲಿ ಅದನ್ನು ಕಲಿಯುತ್ತಾರೆ. ಕಲಿಯುವ ಅಂಶಗಳು ಎರಡು. ಕೆಲಸ ಮಾಡುವ ಉಪಾಯವು ಒಂದು. ಆ ಕೆಲಸವು ತಪ್ಪಲ್ಲವೆಂದು ಮನಸ್ಸಿಗೆ ಹೇಳಿಕೊಳ್ಳುವ ಸಮರ್ಥನೆಯು ಇನ್ನೊಂದು. ಕಾನೂನನ್ನು ಮೀರುವುದು ಸರಿಯೆನ್ನುವ ಮಾತುಗಳು ಮೀರಬಾರದೆನ್ನುವ ಮಾತುಗಳಿಗಿಂತ ಕಿವಿಯಲ್ಲಿ ಹೆಚ್ಚಾದಾಗ ಮನುಷ್ಯನು ಜಾರುತ್ತಾನೆ.

ಸಂಗದ ಬಲವನ್ನು ಅಳೆಯಲು ಆತನು ನಾಲ್ಕು ಅಳತೆಗಳನ್ನು ಕೊಟ್ಟಿದ್ದಾನೆ. ಎಷ್ಟು ಸಲ ಕೂಡುತ್ತಾರೆ ಎಂಬುದು ಆವೃತ್ತಿ. ಎಷ್ಟು ಕಾಲ ಕೂಡಿರುತ್ತಾರೆ ಎಂಬುದು ಅವಧಿ. ಎಷ್ಟು ಎಳೆಯ ವಯಸ್ಸಿನಲ್ಲಿ ಆ ಸಂಗವು ಮೊದಲಾಯಿತು ಎಂಬುದು ಪೂರ್ವತೆ. ಆ ಒಡನಾಡಿಯ ಮೇಲೆ ಎಷ್ಟು ಪ್ರೀತಿ ಗೌರವಗಳಿವೆ ಎಂಬುದು ತೀವ್ರತೆ. ಗೃಹಸ್ಥರು ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಈ ನಾಲ್ಕರಲ್ಲಿಯೂ ತಂದೆತಾಯಿಗಳಿಗೆ ಮೊದಲಲ್ಲಿ ಮೇಲುಗೈ ಇರುತ್ತದೆ. ಮಗನು ಹನ್ನೆರಡು ಹದಿಮೂರನ್ನು ದಾಟುವಾಗ ಆವೃತ್ತಿಯೂ ಅವಧಿಯೂ ಗೆಳೆಯರ ಕಡೆಗೆ ಸರಿಯುತ್ತವೆ. ಆಗ ಮನೆಯವರ ಕೈಯಲ್ಲಿ ಉಳಿಯುವುದು ಪೂರ್ವತೆ ಮತ್ತು ತೀವ್ರತೆ ಮಾತ್ರ. ದಿನವೂ ಬೈಗುಳವೇ ಕೇಳುವ ಮನೆಯಲ್ಲಿ ತೀವ್ರತೆಯೂ ಉಳಿಯುವುದಿಲ್ಲ.

ಒಂದು ದೃಷ್ಟಾಂತ: ಶಿವಾಜಿನಗರದಲ್ಲಿ ಹಳೆಯ ವಾಹನಗಳ ಬಿಡಿಭಾಗಗಳನ್ನು ಮಾರುವ ಗುಜರಿ ಅಂಗಡಿಗಳಿವೆ. ಬಡವರ ಮಕ್ಕಳಾದ ಇಬ್ಬರು ಹುಡುಗರು ಎರಡು ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದರೆಂದು ಊಹಿಸಬಹುದು. ಒಂದು ಅಂಗಡಿಯ ಯಜಮಾನನು, ಮಾಲು ತಂದವನ ಹೆಸರು ಕೇಳಿ, ಚೀಟಿ ಬರೆದುಕೊಂಡು, ಸಂದೇಹ ಬಂದರೆ ಹಿಂದಕ್ಕೆ ಕಳುಹಿಸುತ್ತಾನೆ. ಇನ್ನೊಬ್ಬನು, ಎಲ್ಲಿಂದ ಬಂತೆಂದು ಕೇಳುವುದು ವ್ಯಾಪಾರಿಯ ಕೆಲಸವಲ್ಲವೆಂದು ಹೇಳಿಕೊಡುತ್ತಾನೆ. ಇಬ್ಬರು ಹುಡುಗರೂ ಬಿಚ್ಚುವ ಜೋಡಿಸುವ ಕೈಗೆಲಸವನ್ನು ಒಂದೇ ಸಮನಾಗಿ ಕಲಿಯುವರು. ಮೊದಲನೆಯವನು ಅದರ ಜೊತೆಗೆ ಕಾಯಕದ ಶುದ್ಧಿಯನ್ನು ಕಲಿತನು. ಎರಡನೆಯವನು ಸಮರ್ಥನೆಯ ಮಾತನ್ನು ಕಲಿತನು. ಐದು ವರ್ಷಗಳ ಮೇಲೆ ಇಬ್ಬರಲ್ಲಿ ಒಬ್ಬನು ಪೋಲೀಸು ಠಾಣೆಯ ಮೆಟ್ಟಿಲು ಹತ್ತಿದರೆ ಅದಕ್ಕೆ ಜಾತಕವನ್ನು ನೋಡಬೇಕಾಗಿಲ್ಲ.

೨. ಮರ್ಯಾದಸ್ಥರ ಅಪರಾಧ

ಕೆಟ್ಟ ಸಂಗವೆಂದೊಡನೆ ಕೊಳೆಗೇರಿ, ಹೆಂಡದಂಗಡಿ, ಬೀದಿಯ ಪುಂಡರು ಎಂಬ ಚಿತ್ರವೇ ಗೃಹಸ್ಥರ ಕಣ್ಣಿಗೆ ಕಟ್ಟುತ್ತದೆ. ಇದು ಅರ್ಧ ಸತ್ಯ. ಸದರ್‌ಲ್ಯಾಂಡನೇ ೧೯೩೯ರಲ್ಲಿ, ಬಿಳಿ ಅಂಗಿಯ ಉದ್ಯೋಗಸ್ಥರೂ ವರ್ತಕರೂ ಮಾಡುವ ಅಪರಾಧಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದನು. ಅವರಿಗೆ ಬಡತನವಿಲ್ಲ, ಮುರಿದ ಸಂಸಾರವಿಲ್ಲ, ವಿದ್ಯೆಯ ಕೊರತೆಯಿಲ್ಲ. ಆದರೂ ಅವರು ಕದಿಯುತ್ತಾರೆ. ಅವರಿಗೆ ಆ ವಿದ್ಯೆಯನ್ನು ಕಲಿಸಿದ್ದು ಕಛೇರಿಯ ಸಂಗ.

ಕೃಷ್ಣರಾಜಪುರವು ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಒಂದು ಕಾಲಕ್ಕೆ ಕೆರೆ, ತೋಪು, ಗೋಮಾಳಗಳಿಂದ ಕೂಡಿದ ಹಳ್ಳಿಗಾಡಿನ ನಡುವೆ ಇದ್ದ ಆ ಊರಿನ ಸುತ್ತಲಿನ ನೆಲಕ್ಕೆ ನಗರವು ಬೆಳೆದಂತೆ ಬಂಗಾರದ ಬೆಲೆ ಬಂದಿತು. ಬೆಂಗಳೂರು ನಗರ ಜಿಲ್ಲೆಯ ಸರಕಾರಿ ಜಮೀನಿನ ಒತ್ತುವರಿಯನ್ನು ವಿಚಾರಿಸಲು ಎ. ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಧಾನಮಂಡಲದ ಜಂಟಿ ಸದನ ಸಮಿತಿಯು ೨೦೦೭ರಲ್ಲಿ ವರದಿ ಕೊಟ್ಟಿತು. ಸಾವಿರಾರು ಎಕರೆ ಒತ್ತುವರಿಯಾದ ಸಂಗತಿಯು ಅದರಿಂದ ಹೊರಬಿದ್ದಿತು. ಇಲ್ಲಿ ವಿಚಾರಿಸಬೇಕಾದುದು ಹೀಗೆ: ಒಬ್ಬನೇ ಮನುಷ್ಯನು ಒಂದು ಕೆರೆಯ ಅಂಗಳವನ್ನು ನುಂಗಲು ಸಾಧ್ಯವೇ? ಅಳೆಯುವವನೊಬ್ಬ, ಪಹಣಿ ತಿದ್ದುವವನೊಬ್ಬ, ಸಾಕ್ಷಿ ಹಾಕುವವನೊಬ್ಬ, ದಲ್ಲಾಳಿಯೊಬ್ಬ, ಕಡಿಮೆ ಬೆಲೆಗೆ ನಿವೇಶನ ಸಿಕ್ಕಿತೆಂದು ಕಣ್ಣುಮುಚ್ಚಿ ಕೊಳ್ಳುವ ಗೃಹಸ್ಥನೊಬ್ಬ, ಇಷ್ಟು ಜನ ಕೂಡಿದರೆ ಮಾತ್ರ ಅದು ಸಾಗುತ್ತದೆ. ಇವರಲ್ಲಿ ಪ್ರತಿಯೊಬ್ಬನೂ ಉಳಿದವರನ್ನು ತೋರಿಸಿ, ಎಲ್ಲರೂ ಮಾಡುವುದನ್ನೇ ತಾನೂ ಮಾಡಿದೆನೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಗುಜರಿ ಅಂಗಡಿಯ ಹುಡುಗನು ಕಲಿತ ಸಮರ್ಥನೆಗೂ ಇದಕ್ಕೂ ಏನು ಭೇದ? ಹುಡುಗನು ಸೆರೆಮನೆಗೆ ಹೋಗುತ್ತಾನೆ. ಇವನು ಗೃಹಪ್ರವೇಶಕ್ಕೆ ನೆಂಟರನ್ನು ಕರೆಯುತ್ತಾನೆ. ಮಗನ ಸಂಗವನ್ನು ಪರೀಕ್ಷಿಸುವ ತಂದೆಯು ಮೊದಲು ತನ್ನ ಸಂಗವನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾಯಕದಲ್ಲಿ ಕಪಟವಿರಬಾರದೆಂಬ ಶರಣರ ಕಟ್ಟಳೆಯು ಮರ್ಯಾದಸ್ಥರಿಗೆ ವಿನಾಯಿತಿ ಕೊಟ್ಟಿಲ್ಲ.

೩. ಗುಂಪಿನ ಕಿಚ್ಚು

ನಿಧಾನವಾಗಿ ಕಲಿಸುವ ಸಂಗದ ಮಾತು ಇಲ್ಲಿಗೆ ಆಯಿತು. ಇನ್ನೊಂದು ವಿಧದ ಸಂಗವಿದೆ. ಅದು ಒಂದೇ ರಾತ್ರಿಯಲ್ಲಿ ಹತ್ತಿ ಉರಿಯುವುದು.

೨೦೨೦ನೆಯ ಇಸವಿ ಆಗಸ್ಟ್ ೧೧ರಂದು, ಪುಲಕೇಶಿನಗರದ ಅಂದಿನ ಶಾಸಕರ ಬಂಧುವೊಬ್ಬನು ಇಸ್ಲಾಂ ಧರ್ಮದ ಪ್ರವಾದಿಯವರನ್ನು ಅವಹೇಳನ ಮಾಡಿ ಫೇಸ್‌ಬುಕ್ಕಿನಲ್ಲಿ ಬರಹ ಹಾಕಿದನೆಂಬ ಸುದ್ದಿಯು ಹರಡಿತು. ಸಂಜೆಯ ವೇಳೆಗೆ ದೂರು ಕೊಡಲೆಂದು ಜನರು ದೇವರಜೀವನಹಳ್ಳಿಯ ಪೋಲೀಸು ಠಾಣೆಯ ಮುಂದೆ ಸೇರಿದರು. ಕತ್ತಲಾದಂತೆ ಸೇರಿದವರ ಸಂಖ್ಯೆಯು ಬೆಳೆಯಿತು. ಕಾವಲ್ ಭೈರಸಂದ್ರದಲ್ಲಿದ್ದ ಶಾಸಕರ ಮನೆಗೆ ಬೆಂಕಿ ಬಿದ್ದಿತು. ದೇವರಜೀವನಹಳ್ಳಿ ಮತ್ತು ಕಾಡುಗೊಂಡನಹಳ್ಳಿಯ ಠಾಣೆಗಳ ಮೇಲೆ ದಾಳಿಯಾಗಿ ವಾಹನಗಳು ಸುಟ್ಟುಹೋದವು. ಅನೇಕ ಪೋಲೀಸರು ಗಾಯಗೊಂಡರು. ಪೋಲೀಸರ ಗುಂಡಿಗೆ ಮೂವರು ಪ್ರಾಣ ಬಿಟ್ಟರು. ನೂರಾರು ಜನರ ಬಂಧನವಾಯಿತು. ಮೊಕದ್ದಮೆಯ ತನಿಖೆಯು ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ಒಬ್ಬೊಬ್ಬನ ದೋಷವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಗೃಹಸ್ಥರು ಇಲ್ಲಿ ಗಮನಿಸತಕ್ಕದ್ದು ಗುಂಪಿನ ಸ್ವಭಾವವನ್ನು.

ಗುಂಪಿನಲ್ಲಿ ನಿಂತವನಿಗೆ ಮೂರು ಭ್ರಮೆಗಳು ಉಂಟಾಗುತ್ತವೆ. ತನ್ನ ಮುಖವನ್ನು ಯಾರೂ ಗುರುತಿಸರು ಎಂಬುದು ಮೊದಲನೆಯದು. ಇಷ್ಟು ಜನರು ಮಾಡುವುದು ತಪ್ಪಾಗಲಾರದು ಎಂಬುದು ಎರಡನೆಯದು. ಪಾಪವು ಸಾವಿರ ಪಾಲಾಗಿ ತನಗೆ ಒಂದು ಪಾಲು ಮಾತ್ರ ಬರುವುದೆಂಬುದು ಮೂರನೆಯದು. ಈ ಮೂರೂ ಸುಳ್ಳು. ಕಲ್ಲು ಎಸೆದ ಕೈ ಒಬ್ಬನದೇ. ಸೆರೆಮನೆಯ ಬಾಗಿಲಲ್ಲಿ ಕಾಯುವ ತಾಯಿಯೂ ಒಬ್ಬನ ತಾಯಿಯೇ.

ಆ ರಾತ್ರಿಯದೇ ಇನ್ನೊಂದು ದೃಶ್ಯವನ್ನು ದೇಶವು ನೋಡಿತು. ದೇವರಜೀವನಹಳ್ಳಿಯಲ್ಲಿ ಆಂಜನೇಯನ ಗುಡಿಯೊಂದರ ಮುಂದೆ ಮುಸಲ್ಮಾನ ತರುಣರು ಕೈಗೆ ಕೈ ಹಿಡಿದು ಸರಪಳಿಯಂತೆ ನಿಂತು, ಗುಡಿಗೆ ಯಾರೂ ಕೈ ಹಾಕದಂತೆ ಕಾಯ್ದರು. ಅವರದೂ ಅದೇ ಬೀದಿ, ಅದೇ ವಯಸ್ಸು, ಅದೇ ಧರ್ಮ. ಅವರ ಕಿವಿಗೆ ಬಿದ್ದಿದ್ದೂ ಅದೇ ಸುದ್ದಿ. ಅವರನ್ನು ಬೇರೆ ಮಾಡಿದ್ದು ಅಕ್ಕಪಕ್ಕದಲ್ಲಿ ಹಿಡಿದ ಕೈ. ಒಬ್ಬನೇ ನಿಂತಿದ್ದರೆ ಅವರಲ್ಲಿ ಯಾವನೂ ನಿಲ್ಲಲಾರನಾಗಿದ್ದನೇನೋ. ಒಬ್ಬನು ಕೈ ಚಾಚಿದನು, ಇನ್ನೊಬ್ಬನು ಹಿಡಿದನು, ಆ ಸಂಗವು ಗುಡಿಯನ್ನು ಉಳಿಸಿತು.

ಇದನ್ನು ಓದಿ ಯಾರಾದರೂ, ಇಂತಹ ಉದ್ರೇಕವು ಒಂದು ಮತದವರ ಅಥವಾ ನಗರದವರ ದೋಷವೆಂದು ಭಾವಿಸಿದರೆ ಬೀದರ ಜಿಲ್ಲೆಯ ಕಡೆಗೆ ನೋಡತಕ್ಕದ್ದು. ೨೦೧೮ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರಲ್ಲಿ ಒಬ್ಬನು ಹಳ್ಳಿಯ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದನು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶವು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಜನರು ದಾರಿಗೆ ಅಡ್ಡ ಕಟ್ಟಿದರು. ಕಾರು ಹಳ್ಳಕ್ಕೆ ಬಿದ್ದಿತು. ಬಿದ್ದವರನ್ನು ಜನರು ಹೊಡೆದರು. ಒಬ್ಬ ಇಂಜಿನಿಯರನು ಸತ್ತನು. ಹೊಡೆದವರು ಕಸುಬಿನ ಕೊಲೆಗಾರರಲ್ಲ. ಹೊಲಮನೆಯಿರುವ ಸಾಮಾನ್ಯ ಜನರು. ಮಕ್ಕಳ ಮೇಲಿನ ಪ್ರೀತಿಯೇ ಅವರನ್ನು ಓಡಿಸಿತು, ಗುಂಪು ಆ ಪ್ರೀತಿಯನ್ನು ಕೊಲೆಯಾಗಿ ಮಾಡಿತು. ಅದೇ ತಿಂಗಳು ವಾಟ್ಸಾಪು ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿ ಹಾಕುವುದಾಗಿ ಸಾರಿತು. ಯಂತ್ರವು ಹಾಕಿದ ಮಿತಿಗಿಂತ, ಸಂದೇಶವನ್ನು ಮುಂದೆ ಕಳುಹಿಸುವ ಮುನ್ನ ಬೆರಳನ್ನು ತಡೆಯುವ ವಿವೇಕವು ಹೆಚ್ಚಿನದು.

೪. ಶಂಕೆ ಮತ್ತು ಸಮಾಧಾನ

ಇಲ್ಲಿ ಮೊದಲನೆಯ ಶಂಕೆ: ಎಲ್ಲವೂ ಸಂಗದಿಂದಲೇ ಆಗುವುದಾದರೆ ಮಾಡಿದವನಿಗೆ ಹೊಣೆಯಿಲ್ಲವೇ? ಸಮಾಧಾನ: ಹೊಣೆಯು ಇದ್ದೇ ಇದೆ. ಬೀಜಕ್ಕೆ ನೆಲವು ಕಾರಣವಾದರೂ ಮೊಳೆಯುವುದು ಬೀಜವೇ. ಒಂದೇ ಬೀದಿಯ ಹುಡುಗರಲ್ಲಿ ಹೆಚ್ಚಿನವರು ಕೆಡುವುದಿಲ್ಲ. ಸಂಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಮನುಷ್ಯನಿಗೆ ಉಂಟು. ಆದರೆ ಎಳೆಯರಿಗೆ ಆ ಸ್ವಾತಂತ್ರ್ಯವು ಅಲ್ಪ. ಹುಟ್ಟಿದ ಬೀದಿಯನ್ನು ಅವರು ಆರಿಸಿಕೊಂಡಿಲ್ಲ. ಅವರ ಹೊಣೆಯ ಒಂದು ಭಾಗವು ಹಿರಿಯರ ಮೇಲೆ ಬೀಳುವುದು ನ್ಯಾಯ.

ಎರಡನೆಯ ಶಂಕೆ: ಕೆಲವು ಕುಲಗಳವರು ಹುಟ್ಟಿನಿಂದಲೇ ಕಳ್ಳರೆಂದು ಜನರು ಹೇಳುವರಲ್ಲ? ಸಮಾಧಾನ: ಈ ಮಾತನ್ನು ಒಂದು ಸರಕಾರವೇ ನಂಬಿ ಪರೀಕ್ಷಿಸಿ ನೋಡಿತು. ೧೮೭೧ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯು ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡಿ, ಅವರಲ್ಲಿ ಹುಟ್ಟಿದವರ ಚಲನವಲನಕ್ಕೆ ಕಟ್ಟು ಹಾಕಿತು. ಹುಬ್ಬಳ್ಳಿಯಲ್ಲಿ ಅಂತಹವರನ್ನು ತಂತಿಬೇಲಿಯೊಳಗೆ ಇರಿಸಿದ ಸೆಟ್ಲಮೆಂಟು ಇದ್ದಿತು. ಆ ಭಾಗಕ್ಕೆ ಇಂದಿಗೂ ಅದೇ ಹೆಸರು ಉಳಿದಿದೆ. ಒಬ್ಬನು ಕದ್ದಿರಲಿ ಬಿಡಲಿ, ಹುಟ್ಟಿದ ಮಾತ್ರಕ್ಕೆ ಹಾಜರಿ ಕೊಡಬೇಕಾಯಿತು. ಕಳ್ಳನೆಂದು ಹೆಸರಿಟ್ಟು, ಬೇರೆ ಯಾವ ಸಂಗವೂ ದೊರೆಯದಂತೆ ಮಾಡಿ, ಅನಂತರ ಕಳ್ಳನೆಂದು ದೂರಿದರು. ಸ್ವತಂತ್ರ ಭಾರತವು ೧೯೫೨ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಜನರ ನಾಲಗೆಯ ಮೇಲಿನ ಕಾಯಿದೆಯು ಇನ್ನೂ ರದ್ದಾಗಿಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ ಸಮಾಜವು ಈ ತಪ್ಪನ್ನು ಮಾಡಿದರೆ ಅದು ಇಮ್ಮಡಿ ತಪ್ಪು.

೫. ನಿವೃತ್ತಿಯ ದಾರಿ

ಸಂಗದಿಂದ ಕೆಟ್ಟವನು ಸಂಗದಿಂದಲೇ ಏಳುತ್ತಾನೆ. ಉರಿಲಿಂಗಪೆದ್ದಿಯವರ ಚರಿತ್ರೆಯು ಇದಕ್ಕೆ ಪ್ರಮಾಣ. ಪರಂಪರೆಯು ಹೇಳುವಂತೆ ಅವರು ಮೊದಲು ಕಳ್ಳತನದಿಂದ ಜೀವಿಸುತ್ತಿದ್ದ ಪೆದ್ದಣ್ಣ. ಕದಿಯಲೆಂದು ಹೊಕ್ಕ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಮರೆಯಲ್ಲಿ ನಿಂತು ನೋಡಿ, ಮನಸ್ಸು ತಿರುಗಿತು. ಗುರುವಿನ ಮನೆಗೆ ದಿನವೂ ಸೌದೆಯ ಹೊರೆಯನ್ನು ಹೊತ್ತು ತಂದು ಹಾಕಿದರು. ಕಡೆಗೆ ಅದೇ ಗುರುವಿನ ಪೀಠಕ್ಕೆ ಅಧಿಪತಿಯಾದರು. ಮುನ್ನೂರಕ್ಕೂ ಮಿಕ್ಕ ವಚನಗಳನ್ನು ಬಿಟ್ಟುಹೋದರು. ಅವರ ಧರ್ಮಪತ್ನಿ ಕಾಳವ್ವೆಯೂ ವಚನಗಳನ್ನು ರಚಿಸಿದವಳು. ಈ ಕಥೆಯಲ್ಲಿ ಎರಡು ಮಾತುಗಳು ಮುಖ್ಯ. ದೀಕ್ಷೆಯನ್ನು ಕಂಡ ಒಂದು ಕ್ಷಣವು ಮನಸ್ಸನ್ನು ತಿರುಗಿಸಿತು. ಸೌದೆ ಹೊತ್ತ ಅನೇಕ ದಿನಗಳು ಆ ಮನಸ್ಸನ್ನು ನಿಲ್ಲಿಸಿದವು. ಕಳ್ಳನಾಗಿದ್ದವನು ತಂದ ಸೌದೆಯನ್ನು ಗುರುವಿನ ಮನೆಯು ಬೇಡವೆನ್ನಲಿಲ್ಲ.

ಈಚಿನ ಶೋಧನೆಯೂ ಇದನ್ನೇ ಸಾರುತ್ತದೆ. ಅಮೆರಿಕಾದ ಬಾಸ್ಟನ್ ನಗರದಲ್ಲಿ ಗ್ಲೂಕ್ ದಂಪತಿಗಳು ದಾರಿತಪ್ಪಿದ ೫೦೦ ಹುಡುಗರ ವೃತ್ತಾಂತವನ್ನು ಸಂಗ್ರಹಿಸಿ ೧೯೫೦ರಲ್ಲಿ ಗ್ರಂಥ ಬರೆದರು. ಸ್ಯಾಂಪ್ಸನ್ ಮತ್ತು ಲಾಬ್ ಎಂಬ ವಿದ್ವಾಂಸರು ಆ ಕಡತಗಳನ್ನು ಮತ್ತೆ ತೆರೆದು, ಆ ಹುಡುಗರಲ್ಲಿ ಕೆಲವರನ್ನು ಎಪ್ಪತ್ತರ ವಯಸ್ಸಿನವರೆಗೂ ಹಿಂಬಾಲಿಸಿದರು. ಒಳ್ಳೆಯ ದಾಂಪತ್ಯ, ಸ್ಥಿರವಾದ ಉದ್ಯೋಗ, ಹೊಸ ಶಿಸ್ತು, ಹೊಸ ಒಡನಾಟ ದೊರೆತವರು ಹಳೆಯ ದಾರಿಯನ್ನು ಬಿಟ್ಟರೆಂದು ಕಂಡುಬಂದಿತು. ಅದೇ ಸ್ಯಾಂಪ್ಸನ್ ಇತರರೊಡನೆ ಚಿಕಾಗೋ ನಗರದ ೩೪೩ ನೆರೆಹೊರೆಗಳನ್ನು ಪರಿಶೀಲಿಸಿ ೧೯೯೭ರಲ್ಲಿ ಫಲವನ್ನು ಪ್ರಕಟಿಸಿದನು. ಶಾಲೆ ತಪ್ಪಿಸಿ ಬೀದಿಯ ಮೂಲೆಯಲ್ಲಿ ನಿಂತ ಹುಡುಗರನ್ನು ಕಂಡರೆ ಕರೆದು ಕೇಳುವ ಹಿರಿಯರು ಇರುವ, ಒಬ್ಬರನ್ನೊಬ್ಬರು ನಂಬುವ ನೆರೆಹೊರೆಗಳಲ್ಲಿ ಹಿಂಸೆಯು ಕಡಿಮೆ. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಮಾತು ನಿಲ್ಲುತ್ತದೆ.

ಹಲಸೂರಿನ ಹಳೆಯ ವಠಾರಗಳನ್ನು ಬಲ್ಲವರಿಗೆ ಈ ಸಂಗತಿಯು ಹೊಸದಲ್ಲ. ಅಲ್ಲಿ ಯಾರ ಮಗನಾದರೂ ಬೀಡಿ ಹಚ್ಚಿದರೆ ಜಗಲಿಯ ಮೇಲೆ ಕುಳಿತ ಅಜ್ಜಿಯು ಗದರಿಸುತ್ತಿದ್ದಳು. ಹುಡುಗನ ತಾಯಿಯು ಅದಕ್ಕಾಗಿ ಜಗಳಕ್ಕೆ ಬರುತ್ತಿರಲಿಲ್ಲ. ಅದರ ಪಕ್ಕದ ಇಂದಿರಾನಗರದಲ್ಲಿ ಈಗ ಎತ್ತರದ ಕಟ್ಟಡಗಳು, ಬಾಗಿಲಲ್ಲಿ ಕಾವಲುಗಾರ, ಗೋಡೆಯಲ್ಲಿ ಕ್ಯಾಮರಾ ಎಲ್ಲವೂ ಇವೆ. ಎದುರು ಮನೆಯವರ ಹೆಸರು ಮಾತ್ರ ಅನೇಕರಿಗೆ ತಿಳಿಯದು. ಕ್ಯಾಮರಾ ಕಳ್ಳನ ಚಿತ್ರವನ್ನು ಹಿಡಿಯುವುದು. ಹುಡುಗನು ಕಳ್ಳನಾಗುವುದನ್ನು ಅದು ತಡೆಯಲಾರದು.

ಕಾನೂನೂ ಈ ದಾರಿಯನ್ನು ತೆರೆದಿಟ್ಟಿದೆ. ೧೯೫೮ರ ಪರಿವೀಕ್ಷಣಾ ಕಾಯಿದೆಯು ತಕ್ಕ ಪ್ರಸಂಗಗಳಲ್ಲಿ ಅಪರಾಧಿಯನ್ನು ಸೆರೆಗೆ ಕಳುಹಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ೨೦೧೫ರ ಬಾಲನ್ಯಾಯ ಕಾಯಿದೆಯು ತಪ್ಪು ಮಾಡಿದ ಮಕ್ಕಳನ್ನು ಪೋಲೀಸು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದೆಂದು ವಿಧಿಸಿದೆ. ವಿಶೇಷ ಸಂದರ್ಭಗಳ ಹೊರತು ಅವರ ಹಳೆಯ ದಾಖಲೆಯನ್ನು ಅಳಿಸಿ ಹೊಸ ಬಾಳಿಗೆ ಅವಕಾಶ ಕೊಡಬೇಕೆಂಬುದನ್ನು ಒಂದು ತತ್ತ್ವವಾಗಿ ಎತ್ತಿ ಹಿಡಿದಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ಸೇರಿಸಿದೆ. ಎಳೆಯನನ್ನು ಪಳಗಿದ ಅಪರಾಧಿಗಳ ಸಂಗಕ್ಕೆ ದೂಡಬಾರದೆಂಬ ಎಚ್ಚರಿಕೆಯು ಇವುಗಳಲ್ಲೆಲ್ಲ ಕಾಣುತ್ತದೆ. ಸರಕಾರವು ಕಾಗದದ ದಾಖಲೆಯನ್ನು ಅಳಿಸಬಲ್ಲುದು. ಬೀದಿಯವರ ಮನಸ್ಸಿನ ದಾಖಲೆಯನ್ನು ಅಳಿಸುವವರು ಗೃಹಸ್ಥರೇ.

ಆದುದರಿಂದ ಆಚರಣೆಗೆ ತರತಕ್ಕ ಕೆಲವು ಮಾತುಗಳು:

ಮಕ್ಕಳ ಗೆಳೆಯರನ್ನು ಹೆಸರು ಹಿಡಿದು ಬಲ್ಲವರಾಗಿರಬೇಕು. ಅವರನ್ನು ಬಾಗಿಲಲ್ಲಿ ನಿಲ್ಲಿಸದೆ ಮನೆಗೆ ಕರೆದು ಒಂದು ತುತ್ತು ಬಡಿಸಬೇಕು. ಊಟ ಮಾಡಿದ ಮನೆಯ ಹುಡುಗನನ್ನು ಕೆಡಿಸಲು ಯಾರಿಗಾದರೂ ಸಂಕೋಚವಾಗುತ್ತದೆ.

ಮನೆಯಲ್ಲಿ ಹಿರಿಯರು ಲಂಚ ಕೊಟ್ಟ ಜಾಣತನವನ್ನು ಮಕ್ಕಳ ಮುಂದೆ ಕೊಂಡಾಡಬಾರದು. ಅದು ಸಮರ್ಥನೆಯ ಮೊದಲ ಪಾಠ.

ಅನ್ಯರ ಮತವನ್ನು, ಜಾತಿಯನ್ನು ಹೀನೈಸುವ ಸಂದೇಶವು ದೂರವಾಣಿಗೆ ಬಂದರೆ ಅದು ಅಲ್ಲಿಯೇ ನಿಲ್ಲಬೇಕು. ಸತ್ಯವೋ ಸುಳ್ಳೋ ಎಂದು ವಿಚಾರಿಸುವ ಮೊದಲೇ ಕಳುಹಿಸುವವನು ಗುಂಪಿನಲ್ಲಿ ಕಲ್ಲು ಹಂಚುವವನಿಗೆ ಸಮಾನ.

ಬೀದಿಯ ಮಕ್ಕಳು ಆಪತ್ತಿನಲ್ಲಿರುವುದನ್ನು ಕಂಡರೆ ೧೦೯೮ ಎಂಬ ಸಂಖ್ಯೆಗೆ ತಿಳಿಸುವುದು ಕರ್ತವ್ಯ. ಅನ್ಯರ ಮಗುವೆಂದು ಹಾದುಹೋದರೆ ಅದನ್ನು ಕರೆಯಲು ಬೇರೊಂದು ಸಂಗವು ಕಾದಿರುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಕಡೆಯದು. ತಪ್ಪು ಮಾಡಿ ಶಿಕ್ಷೆ ಅನುಭವಿಸಿ ಊರಿಗೆ ಮರಳಿದ ಹುಡುಗನಿಗೆ ಅಂಗಡಿಯಲ್ಲೋ ತೋಟದಲ್ಲೋ ಒಂದು ಕಾಯಕವನ್ನು ಕೊಡಬೇಕು. ನಂಬಿ ಎಲ್ಲವನ್ನೂ ಒಪ್ಪಿಸಬೇಕೆಂದಲ್ಲ; ಎಚ್ಚರಿಕೆಯಿಂದ ಇರಲಿ, ಆದರೆ ಬಾಗಿಲು ತೆರೆದಿರಲಿ. ಎಲ್ಲ ಬಾಗಿಲುಗಳೂ ಮುಚ್ಚಿದರೆ ಹಳೆಯ ಗೆಳೆಯರ ಬಾಗಿಲೊಂದೇ ಅವನಿಗೆ ತೆರೆದಿರುವುದು. ಆಗ ಅವನು ಮಾಡುವ ಎರಡನೆಯ ತಪ್ಪಿನಲ್ಲಿ ಬಾಗಿಲು ಮುಚ್ಚಿದವರಿಗೂ ಪಾಲಿದೆ.

ಉರಿಲಿಂಗದೇವರ ಮನೆಯಲ್ಲಿ ಇಳಿಸಿದ ಸೌದೆಯ ಹೊರೆಯನ್ನು ಪ್ರತಿಯೊಬ್ಬ ಗೃಹಸ್ಥನೂ ನೆನೆಯಲಿ. ಹೊರೆಯನ್ನು ಹೊತ್ತು ಬಂದವನು ಯಾರ ಬಾಗಿಲಿಗಾದರೂ ಬರಬಹುದು. ಅವನಿಗೆ ಇಳಿಸಲು ಸ್ಥಳ ಕೊಡುವ ಮನೆಗಳು ಹೆಚ್ಚಿದ ಊರಿನಲ್ಲಿ ಸೆರೆಮನೆಗಳಿಗೆ ಕೆಲಸವು ಕಡಿಮೆಯಾಗುವುದು.